ಮಾಗಿ ಶುರುವಿನಲ್ಲಿ ಕೆರೆದಾರಿ: ಹಕ್ಕಿ, ಹವೆ ಎರಡನ್ನೂ ಒಟ್ಟಿಗೆ ಗಮನಿಸುವ ಕ್ರಮ

ನವೆಂಬರ್ ಬಂತೆಂದರೆ ಹೊಸದಾಗಿ ಹಕ್ಕಿ ನೋಡಲು ಶುರು ಮಾಡಿದವರದ್ದು ಒಂದೇ ದೂರು. "ವಲಸೆ ಹಕ್ಕಿ ಬಂದಿವೆ ಅಂತಾರೆ, ನಮಗೆ ಮಾತ್ರ ಅದೇ ಕಾಗೆ, ಅದೇ ಬೆಳ್ಳಕ್ಕಿ." ಇನ್ನು ಕೆಲವರು ಹಕ್ಕಿಯನ್ನೇನೋ ನೋಡಿರುತ್ತಾರೆ, ಪಟ್ಟಿಯನ್ನೂ ಬರೆದಿರುತ್ತಾರೆ. ಹೋದ ವಾರ ನೂರರಷ್ಟಿದ್ದ ಬಾತು ಈ ವಾರ ಹತ್ತಕ್ಕೆ ಇಳಿದಿದ್ದು ಯಾಕೆ ಅಂತ ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಬಾತುಗಳು ಬೇರೆ ಕೆರೆಗೆ ಹೋದವಾ, ಮಂಜಿನಲ್ಲಿ ಕಾಣಲಿಲ್ಲವಾ, ನೋಡಲು ಹೋಗಿದ್ದೇ ತಡವಾಯಿತಾ? ಪಟ್ಟಿಯಲ್ಲಿ ಹವೆಯ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಹವೆಗೆ ಮೊದಲ ಜಾಗ, ಹಕ್ಕಿಗೆ ಎರಡನೆಯದು. ಉದಾಹರಣೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿಯನ್ನು ಇಟ್ಟುಕೊಂಡಿದ್ದೇನೆ. ಲಿಂಗಾಂಬುಧಿ ಕೆರೆಗೋ ನಿಮ್ಮೂರಿನ ಕೆರೆಗೋ ಇದೇ ಕ್ರಮ ಸಾಕು. ಕಾಲ ನವೆಂಬರ್ ಮೊದಲ ವಾರದಿಂದ ಡಿಸೆಂಬರ್ ಕೊನೆಯವರೆಗೆ. ಹಿಂಗಾರು ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಚಳಿ ಇನ್ನೂ ಪೂರ್ತಿ ಕೂತಿರುವುದಿಲ್ಲ. ಜನ ಜಾಸ್ತಿ ಎಡವುವುದೂ ಈ ಎರಡು ತಿಂಗಳಲ್ಲೇ.

## ಹಂತ 1: ದಾರಿಯನ್ನು ಕಟ್ಟಿಕೊಳ್ಳಿ

ಪೂರ್ತಿ ಕೆರೆ ಸುತ್ತುವ ಆಸೆ ಬಿಡಿ. ಒಂದೂವರೆ ಕಿಲೋಮೀಟರ್ ಸಾಕು, ಎರಡು ದಾಟಬೇಡಿ. ಸುತ್ತು ಮುಗಿಸುವ ಹಟ ಬಂದರೆ ಅದು ವಾಕಿಂಗ್ ಆಗುತ್ತದೆ, ಹಕ್ಕಿ ನೋಡುವುದಾಗುವುದಿಲ್ಲ.

ಈ ದಾರಿಯಲ್ಲಿ ಐದಾರು ನಿಲ್ದಾಣ ಗುರುತು ಮಾಡಿಕೊಳ್ಳಿ. ಎಲ್ಲವೂ ಒಂದೇ ತರಹದ ಜಾಗ ಆಗಬಾರದು. ಏರಿ ಮೇಲೆ ತೆರೆದ ನೀರು ಕಾಣುವ ಒಂದು ಕಡೆ, ಜೊಂಡು ಬೆಳೆದ ಅಂಚು, ಕೆಸರು ಬಿಟ್ಟ ಇಳಿಜಾರು, ದೊಡ್ಡ ಮರಗಳ ಗುಂಪು, ಕುರುಚಲು ಪೊದೆ, ಕೋಡಿಯ ಹತ್ತಿರ ಹರಿಯುವ ನೀರು. ಇಷ್ಟು ಸಿಕ್ಕರೆ ಅಲ್ಲಿರುವ ಹಕ್ಕಿಗಳಲ್ಲಿ ಬಹುಪಾಲು ನಿಮ್ಮ ದಾರಿಗೆ ಬಿದ್ದಂತೆಯೇ.

ನಿಲ್ದಾಣಗಳ ಕ್ರಮವನ್ನು ಸೂರ್ಯ ತೀರ್ಮಾನಿಸಬೇಕು. ಬೆಳಗ್ಗೆ ಬಿಸಿಲು ನಿಮ್ಮ ಬೆನ್ನಿಗಿರಬೇಕು. ಅಂದರೆ ಕೆರೆಯ ಪೂರ್ವದ ದಡದಿಂದ ಶುರು ಮಾಡಿ, ಪಶ್ಚಿಮಕ್ಕೆ ಮುಖ ಮಾಡಿ ನೋಡಿ. ಪಶ್ಚಿಮದ ದಡದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪೇ. ನೀರುಕಾಗೆಗೂ ನಾಮಗೋಳಿಗೂ ವ್ಯತ್ಯಾಸ ಕಾಣುವುದಿಲ್ಲ. "ಬರೀ ಕಪ್ಪು ಹಕ್ಕಿ ಇದ್ವು" ಅನ್ನುವವರಲ್ಲಿ ಅರ್ಧ ಜನರ ಸಮಸ್ಯೆ ಇದೇ.

ಒಮ್ಮೆ ಕಟ್ಟಿದ ದಾರಿಯನ್ನು ಸೀಸನ್ ಮುಗಿಯುವ ತನಕ ಬದಲಿಸಬೇಡಿ. ಅದೇ ದಾರಿ, ಅದೇ ದಿಕ್ಕು, ಹೆಚ್ಚುಕಡಿಮೆ ಅದೇ ಹೊತ್ತು. ಗೇಟು ತೆರೆಯುವ ಸಮಯ ಆಗಾಗ ಬದಲಾಗುತ್ತದೆ. ಹಿಂದಿನ ದಿನವೇ ಕೇಳಿಕೊಳ್ಳಿ.

## ಹಂತ 2: ಸಾಮಾನು, ಮತ್ತು ಅದನ್ನು ಮನೆಯಲ್ಲೇ ಸರಿ ಮಾಡಿಕೊಳ್ಳುವುದು

ಬೇಕಾದ್ದು ಇಷ್ಟೇ: ಬೈನಾಕ್ಯುಲರ್, ಪುಟ್ಟ ನೋಟ್‌ಬುಕ್, ಸೀಸದಕಡ್ಡಿ, ಚಿಕ್ಕ ಥರ್ಮಾಮೀಟರ್, ಒಣಬಟ್ಟೆ, ನೀರು, ಕಾಲು ಮುಚ್ಚುವ ಶೂ. ಪೆನ್ನು ಬೇಡ. ಇಬ್ಬನಿ ಬಿದ್ದ ಹಾಳೆಯಲ್ಲಿ ಇಂಕು ಹರಡುತ್ತದೆ. ಬಟ್ಟೆ ಮಾಸಲು ಹಸಿರೋ ಕಂದೋ ಇರಲಿ. ಬಿಳಿ ಅಂಗಿ ದೂರದಿಂದಲೇ ಎದ್ದು ಕಾಣುತ್ತದೆ.

ಬೈನಾಕ್ಯುಲರ್ 8×42 ತೆಗೆದುಕೊಳ್ಳಿ. 8 ಅಂದರೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂದು, 42 ಅಂದರೆ ಮುಂದಿನ ಗಾಜು ಎಷ್ಟು ಮಿಲಿಮೀಟರ್ ಅಗಲ ಎಂದು. ಜಾಸ್ತಿ ಪಟ್ಟು ಇದ್ದರೆ ಒಳ್ಳೆಯದು ಅಂತ ಅಂಗಡಿಯವರು 10×50 ಕೈಗೆ ಕೊಡುತ್ತಾರೆ. ಭಾರ ಜಾಸ್ತಿ, ಕೈನಡುಕವೂ ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲ ಕಡಿಮೆ. ಪೊದೆಯೊಳಗೆ ಜಿಗಿಯುವ ಹಕ್ಕಿಯನ್ನು ಅದರಲ್ಲಿ ಹಿಡಿಯುವುದು ಹೊಸಬರಿಗೆ ಕಷ್ಟ.

ಈಗ ಮುಖ್ಯ ಕೆಲಸ. ಕೊಂಡವರಲ್ಲಿ ತುಂಬ ಜನ ಇದನ್ನು ಮಾಡಿಯೇ ಇರುವುದಿಲ್ಲ.

1. ಕನ್ನಡಕ ಹಾಕುವವರು ಕಣ್ಣಿನ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ ಅಥವಾ ಮಡಚಿ. ಹಾಕದವರು ಹೊರಕ್ಕೆ ಎಳೆಯಿರಿ.
2. ಎರಡು ನಳಿಕೆಗಳನ್ನು ಹತ್ತಿರ, ದೂರ ಮಾಡುತ್ತಾ ನೋಡಿ. ಎರಡು ವೃತ್ತ ಸೇರಿ ಒಂದಾದಾಗ ನಿಲ್ಲಿಸಿ. ಕಪ್ಪು ನೆರಳು ಅಡ್ಡ ಬರುತ್ತಿದ್ದರೆ ಇನ್ನೂ ಸರಿಯಾಗಿಲ್ಲ.
3. ಬಲಗಣ್ಣು ಮುಚ್ಚಿ. ದೂರದ ಬೋರ್ಡಿನ ಅಕ್ಷರವನ್ನು ಎಡಗಣ್ಣಿನಿಂದ ನೋಡುತ್ತಾ ನಡುವಿನ ಚಕ್ರ ತಿರುಗಿಸಿ, ಅಕ್ಷರ ಚೂಪಾಗಲಿ.
4. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಕಡೆ ಇರುವ ಸಣ್ಣ ಬಳೆಯನ್ನು ತಿರುಗಿಸಿ ಅದೇ ಅಕ್ಷರವನ್ನು ಚೂಪು ಮಾಡಿ. ಕೆಲವು ಮಾದರಿಗಳಲ್ಲಿ ಈ ಬಳೆ ಬೇರೆ ಕಡೆ ಇರುತ್ತದೆ, ಜೊತೆಗೆ ಬಂದ ಕಾಗದ ನೋಡಿ.
5. ಬಳೆ ಎಲ್ಲಿ ನಿಂತಿತೋ ಅಲ್ಲಿ ಸಣ್ಣ ಗುರುತು ಹಾಕಿ. ಇನ್ನು ಮುಂದೆ ನಡುವಿನ ಚಕ್ರ ಒಂದೇ ಸಾಕು.

ಹಕ್ಕಿಯನ್ನು ಬೈನಾಕ್ಯುಲರಿನಲ್ಲಿ ಹುಡುಕಬೇಡಿ. ಮೊದಲು ಬರಿಗಣ್ಣಲ್ಲಿ ಹಿಡಿಯಿರಿ. ಕಣ್ಣು ಅಲ್ಲೇ ನೆಟ್ಟಿರಲಿ, ತಲೆ ಅಲುಗದಿರಲಿ, ಬೈನಾಕ್ಯುಲರ್ ಮಾತ್ರ ಕಣ್ಣಿನ ಹತ್ತಿರ ಬರಲಿ. ಮಹಡಿ ಮೇಲೆ ನಿಂತು ತೆಂಗಿನ ಗರಿಯ ತುದಿ, ವೈರ್ ಮೇಲಿನ ಕಾಗೆ ಅಂತ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಕ್ಯಾಮೆರಾ? ಮೊದಲ ತಿಂಗಳು ಮನೆಯಲ್ಲೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಫೋಟೋ ಬರುತ್ತದೋ ಇಲ್ಲವೋ ಅನ್ನುವ ಗಡಿಬಿಡಿಯಲ್ಲಿ ಹಕ್ಕಿ ಏನು ಮಾಡುತ್ತಿತ್ತು ಅನ್ನುವುದೇ ಮರೆತುಹೋಗುತ್ತದೆ.

## ಹಂತ 3: ಹಿಂದಿನ ರಾತ್ರಿ ಆಕಾಶ ನೋಡಿ

ಮಲಗುವ ಮೊದಲು ಎರಡು ವಿಷಯ ಗಮನಿಸಿದರೆ ಬೆಳಗ್ಗೆ ಏನು ಕಾದಿದೆ ಅಂತ ಸುಮಾರಾಗಿ ಹೇಳಬಹುದು.

ಒಂದು, ಬಂಗಾಳ ಕೊಲ್ಲಿ. ಹವಾಮಾನ ಇಲಾಖೆಯ ಮೌಸಮ್ ಆ್ಯಪ್‌ನಲ್ಲೋ ಪತ್ರಿಕೆಯಲ್ಲೋ "ವಾಯುಭಾರ ಕುಸಿತ" ಅನ್ನುವ ಸುದ್ದಿ ಇದೆಯಾ ನೋಡಿ. ಅದು ತಮಿಳುನಾಡು ಕರಾವಳಿಯ ಕಡೆಗೆ ಬರುತ್ತಿದ್ದರೆ ದಕ್ಷಿಣ ಒಳನಾಡಿನಲ್ಲಿ ಎರಡು ಮೂರು ದಿನ ಮೋಡ, ತುಂತುರು, ಥಂಡಿ ಗಾಳಿ ಇರಬಹುದು.

ಎರಡು, ನಿಮ್ಮ ತಲೆ ಮೇಲಿನ ಆಕಾಶ. ನಕ್ಷತ್ರ ನಿಚ್ಚಳವಾಗಿ ಕಾಣುತ್ತಿವೆಯಾ? ಗಾಳಿ ಇಲ್ಲವಾ? ಎರಡು ದಿನದ ಹಿಂದೆ ಮಳೆ ಬಿದ್ದು ನೆಲ ಹಸಿಯಾಗಿದೆಯಾ? ಮೂರಕ್ಕೂ ಹೌದು ಎಂದಾದರೆ ಬೆಳಗ್ಗೆ ಮಂಜು ಬೀಳುವ ಸಾಧ್ಯತೆ ಜಾಸ್ತಿ. ಮೋಡದ ಹೊದಿಕೆ ಇಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ತಣ್ಣಗಾಗಿ ಮಂಜಾಗುತ್ತದೆ. ಮೋಡ ಇದ್ದ ರಾತ್ರಿ ಇಷ್ಟು ಚಳಿ ಇರುವುದಿಲ್ಲ, ಇಬ್ಬನಿಯೂ ಕಡಿಮೆ.

ಸೂರ್ಯೋದಯದ ಸಮಯವನ್ನೂ ನೋಡಿಟ್ಟುಕೊಳ್ಳಿ. ಮೈಸೂರಿನಲ್ಲಿ ನವೆಂಬರ್ ನಡುವಿಗೆ ಸುಮಾರು 6:20, ಡಿಸೆಂಬರ್ ನಡುವಿಗೆ ಸುಮಾರು 6:35. ಗಡಿಯಾರಕ್ಕೆ ಅಂಟಿಕೊಂಡು ಎರಡೂ ತಿಂಗಳು ಆರು ಗಂಟೆಗೇ ಹೋದರೆ ಡಿಸೆಂಬರಿನಲ್ಲಿ ಕತ್ತಲಲ್ಲಿ ನಿಲ್ಲುತ್ತೀರಿ. ಸೂರ್ಯ ಹುಟ್ಟುವ ಹೊತ್ತಿಗೆ ಮೊದಲ ನಿಲ್ದಾಣದಲ್ಲಿರಬೇಕು ಎನ್ನುವ ಲೆಕ್ಕ ಇಟ್ಟುಕೊಳ್ಳಿ.

## ಹಂತ 4: ಮೊದಲ ಹತ್ತು ನಿಮಿಷ ಹವೆಗೆ

ಗೇಟು ದಾಟಿದ ಕೂಡಲೇ ಬೈನಾಕ್ಯುಲರ್ ಎತ್ತಬೇಡಿ. ಹಕ್ಕಿ ಸಿಕ್ಕಿದ ಮೇಲೆ ಹವೆ ಬರೆಯುವುದು ಯಾರಿಗೂ ನೆನಪಾಗುವುದಿಲ್ಲ. ಈ ಕ್ರಮದಲ್ಲಿ ಹೋಗಿ.

ಉಷ್ಣಾಂಶ. ಥರ್ಮಾಮೀಟರನ್ನು ನೆರಳಿನಲ್ಲಿ, ನಿಮ್ಮ ಎದೆಯ ಎತ್ತರದಲ್ಲಿ ಕೊಂಬೆಗೆ ತೂಗುಹಾಕಿ. ಐದಾರು ನಿಮಿಷ ಬಿಟ್ಟು ಓದಿ. ಜೇಬಿನಿಂದ ತೆಗೆದ ತಕ್ಷಣ ಓದಿದರೆ ಅದು ನಿಮ್ಮ ಮೈಬಿಸಿ. ಮೊಬೈಲಿನಲ್ಲಿ ಕಾಣುವ ಅಂಕಿ ಈ ಕೆರೆಯದ್ದಲ್ಲ. ನೀರಿನ ಅಂಚಿನ ಬೆಳಗು ಊರೊಳಗಿಗಿಂತ ತಣ್ಣಗಿರುವುದುಂಟು. ದಿನದ ಅತಿ ಕಡಿಮೆ ಉಷ್ಣಾಂಶ ನಡುರಾತ್ರಿಯದ್ದಲ್ಲ, ಸೂರ್ಯ ಹುಟ್ಟುವ ಆಸುಪಾಸಿನದ್ದು. ಹಾಗಾಗಿ ನೀವು ಓದುವ ಮೊದಲ ಅಂಕಿಯೇ ಹೆಚ್ಚುಕಡಿಮೆ ಆ ದಿನದ ಕನಿಷ್ಠ.

ಮೋಡ. ಆಕಾಶವನ್ನು ಎಂಟು ಭಾಗ ಅಂದುಕೊಳ್ಳಿ. ಎಷ್ಟು ಭಾಗ ಮುಚ್ಚಿದೆ? ಪೂರ್ತಿ ತಿಳಿಯಾಗಿದ್ದರೆ 0, ಪೂರ್ತಿ ಮುಚ್ಚಿದ್ದರೆ 8. ಹವಾಮಾನದವರು ಬಳಸುವ ಲೆಕ್ಕವೂ ಇದೇ. "ಸ್ವಲ್ಪ ಮೋಡ" ಅಂತ ಬರೆದರೆ ಮುಂದಿನ ತಿಂಗಳು ನಿಮಗೇ ಅರ್ಥವಾಗುವುದಿಲ್ಲ.

ಗಾಳಿ. ಯಂತ್ರ ಬೇಕಿಲ್ಲ. ಹೊಗೆ ನೆಟ್ಟಗೆ ಮೇಲೆ ಹೋದರೆ 0. ಹೊಗೆ ಓರೆಯಾದರೂ ಎಲೆ ಅಲುಗದಿದ್ದರೆ 1. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಅಂದರೆ 2. ಎಲೆ, ಕಡ್ಡಿ ಸುಮ್ಮನಿರದೆ ಆಡುತ್ತಿದ್ದರೆ 3. ಧೂಳು, ಕಾಗದ ಎದ್ದರೆ 4. ಇದು ಬೋಫರ್ಟ್ ಅಳತೆ. 4 ಬಂದ ದಿನ ಪೊದೆಯ ಸಣ್ಣ ಹಕ್ಕಿಗಳ ಆಸೆ ಬಿಟ್ಟುಬಿಡಿ, ನೀರಿನ ಕಡೆ ಗಮನ ಕೊಡಿ.

ದಿಕ್ಕು ಬರೆಯುವಾಗ ಆಗುವ ತಪ್ಪು ಒಂದೇ. ಗಾಳಿ ಯಾವ ಕಡೆಯಿಂದ ಬರುತ್ತದೋ ಅದೇ ಅದರ ಹೆಸರು. ಮೂಡಗಾಳಿ ಅಂದರೆ ಮೂಡಣದಿಂದ ಬೀಸುವುದು. ಎಲೆ ಹಾರುವ ಕಡೆ ನೋಡಿ ಬರೆದರೆ ದಿಕ್ಕು ತಿರುಗಾಮುರುಗಾ ಆಗುತ್ತದೆ. ಈ ಎರಡು ತಿಂಗಳು ನಮ್ಮ ಕಡೆ ಸಾಮಾನ್ಯವಾಗಿ ಪೂರ್ವ, ಈಶಾನ್ಯದ ಗಾಳಿ. ಒಂದು ದಿನ ಇದ್ದಕ್ಕಿದ್ದಂತೆ ಪಶ್ಚಿಮಕ್ಕೆ ತಿರುಗಿದ್ದರೆ ಅದನ್ನು ಅಡಿಗೆರೆ ಹಾಕಿ ಬರೆಯಿರಿ.

ಎಷ್ಟು ದೂರ ಕಾಣುತ್ತದೆ. ಇದಕ್ಕೆ ಗುರುತುಗಳು ಬೇಕು. ಕುಕ್ಕರಹಳ್ಳಿಯಲ್ಲಿ ಚಾಮುಂಡಿ ಬೆಟ್ಟವೇ ಇದೆ, ಆಗ್ನೇಯಕ್ಕೆ ಐದಾರು ಕಿಲೋಮೀಟರ್. ಬೆಟ್ಟದ ಅಂಚು ಸ್ಪಷ್ಟವೋ, ಮಸುಕೋ, ಕಾಣುವುದೇ ಇಲ್ಲವೋ? ಹತ್ತಿರಕ್ಕೆ ಎದುರು ದಡದ ಒಂದು ಮರ, ಇನ್ನೂ ಹತ್ತಿರಕ್ಕೆ ನಡುಗಡ್ಡೆಯನ್ನು ಇಟ್ಟುಕೊಳ್ಳಿ. ಒಂದು ಕಿಲೋಮೀಟರಿಗಿಂತ ಕಡಿಮೆ ಕಂಡರೆ ಅದನ್ನು ಮಂಜು ಎಂದು ಬರೆಯಿರಿ.

ಇಲ್ಲೊಂದು ಸೂಕ್ಷ್ಮ ಇದೆ. ಚಳಿಯ ಬೆಳಗ್ಗೆ ನೀರಿನ ಮೇಲೆ ಮಾತ್ರ ಬಿಳಿ ಎಳೆಗಳು ಎದ್ದು, ಸುತ್ತಿಕೊಂಡು, ಆಳೆತ್ತರದಲ್ಲೇ ಕರಗುತ್ತಿರುತ್ತವೆ. ದಡದ ಮರಗಳು ನಿಚ್ಚಳವಾಗಿಯೇ ಇರುತ್ತವೆ. ಅದು ಮಂಜು ಇಳಿದಿದ್ದಲ್ಲ, ಕೆರೆಯಿಂದ ಎದ್ದ ಹಬೆ. ನೀರು ಇನ್ನೂ ಬೆಚ್ಚಗಿದೆ, ಮೇಲಿನ ಗಾಳಿ ತಣ್ಣಗಾಗಿದೆ ಎಂದು ಅರ್ಥ. ಎರಡನ್ನೂ ಬೇರೆ ಬೇರೆ ಬರೆಯಿರಿ. ಹಬೆ ಇದ್ದ ದಿನ ನೀರಿಗೆ ತಾಗಿ ಈಜುವ ಗುಳುಮುಳುಕ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಮರದ ಮೇಲಿನ ಹಕ್ಕಿಗೆ ಏನೂ ತೊಂದರೆ ಇಲ್ಲ.

ನೀರಿನ ಮಟ್ಟ. ಸೋಪಾನದ ಎಷ್ಟನೇ ಮೆಟ್ಟಿಲು, ತೂಬಿನ ಕಲ್ಲಿನ ಎಲ್ಲಿಯವರೆಗೆ ನೀರಿದೆ ಅಂತ ಬರೆಯಿರಿ. ಹಿಂಗಾರು ಚೆನ್ನಾಗಿ ಬಿದ್ದ ವರ್ಷ ಕೆರೆ ತುಂಬಿ ಕೆಸರಿನ ಅಂಚೇ ಇರುವುದಿಲ್ಲ. ಕೆಸರು ಇಲ್ಲ ಅಂದರೆ ಗದ್ದೆಗೊರವಗಳಿಗೆ ನಿಲ್ಲಲು ಜಾಗ ಇಲ್ಲ. ಅವು ಅಕ್ಕಪಕ್ಕದ ಗದ್ದೆಗೆ ಹೋಗಿರುತ್ತವೆ. ಇದು ಗೊತ್ತಿಲ್ಲದೆ "ಈ ವರ್ಷ ವಲಸೆಯೇ ಕಡಿಮೆ" ಅಂತ ಷರಾ ಬರೆಯುವವರು ಬಹಳ.

## ಹಂತ 5: ನಡೆಯುವುದಕ್ಕಿಂತ ನಿಲ್ಲುವುದು ಜಾಸ್ತಿ

ಪ್ರತಿ ನಿಲ್ದಾಣದಲ್ಲೂ ಹತ್ತು ನಿಮಿಷ. ಬಂದ ಮೊದಲ ಎರಡು ನಿಮಿಷ ಏನೂ ಮಾಡಬೇಡಿ. ನಿಮ್ಮನ್ನು ಕಂಡು ಅಡಗಿದ ಹಕ್ಕಿಗಳು ಹೊರಬರಲು ಅಷ್ಟು ಹೊತ್ತು ಬೇಕು. ಸುಮ್ನೆ ನಿಂತು ಕೇಳಿ.

ಆಮೇಲೆ ನೋಡುವ ಕ್ರಮ ಹೀಗಿರಲಿ:

1. ಕಾಲಬುಡದ ಅಂಚು. ಜೊಂಡಿನ ಬುಡದಲ್ಲಿ ಕೊಳಬಕ, ಹುಂಡುಕೋಳಿ, ಕೆಲವೊಮ್ಮೆ ಸ್ನೈಪ್ (ಉದ್ದ ಕೊಕ್ಕಿನ ಕೆಸರಿನ ಹಕ್ಕಿ). ಇವು ಮೊದಲು ಹಾರುವ ಅಥವಾ ಅಡಗುವ ಹಕ್ಕಿಗಳು.
2. ತೆರೆದ ನೀರು. ಬಾತು, ನಾಮಗೋಳಿ, ಹೆಜ್ಜಾರ್ಲೆ ಎಲ್ಲೂ ಓಡಿಹೋಗುವುದಿಲ್ಲ, ನಿಧಾನಕ್ಕೆ ಎಣಿಸಬಹುದು. ಎಡದಿಂದ ಬಲಕ್ಕೆ ಒಂದೇ ಸಲ ಹೋಗಿ. ಹಿಂದೆ ಮುಂದೆ ಹೋದರೆ ಎರಡೆರಡು ಸಲ ಎಣಿಸುತ್ತೀರಿ.
3. ಮರ, ಪೊದೆ. ಅಲುಗುವ ಎಲೆ ಹುಡುಕಿ, ಹಕ್ಕಿಯನ್ನಲ್ಲ.
4. ಆಕಾಶ, ವೈರು. ಕವಲುತೋಕೆಗಳು ವೈರಿನ ಮೇಲೆ ಸಾಲಾಗಿ ಕೂತಿರುತ್ತವೆ.

ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ. ನಡುನೀರಿನ ದೊಡ್ಡ ಹೆಜ್ಜಾರ್ಲೆ ಕಂಡ ಕೂಡಲೇ ಅದಕ್ಕೆ ಬೈನಾಕ್ಯುಲರ್ ಹಿಡಿದು ಮುಂದೆ ನಡೆಯುತ್ತಾರೆ. ಅಷ್ಟರಲ್ಲಿ ಕಾಲ ಕೆಳಗಿನ ಸ್ನೈಪ್ ಹಾರಿ ಆಗಿರುತ್ತದೆ.

ದೊಡ್ಡ ಗುಂಪನ್ನು ಒಂದೊಂದಾಗಿ ಎಣಿಸಲಾಗದು. ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ತುಂಬಿವೆ ಅಂತ ಕಣ್ಣಲ್ಲಿ ಇಟ್ಟುಕೊಳ್ಳಿ. ಅಂಥ ಎಷ್ಟು ತುಂಡು ಗುಂಪಿನಲ್ಲಿವೆ ಎಂದು ನೋಡಿ. ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ "ತುಂಬ" ಅಂತ ಬರೆಯುವುದಕ್ಕಿಂತ ಮೇಲು.

## ಹಂತ 6: ಈ ಕಾಲದಲ್ಲಿ ಗೊಂದಲ ಮಾಡುವ ಹಕ್ಕಿಗಳು

ಹಕ್ಕಿ ಕಂಡಾಗ ಮೊದಲು ಬಣ್ಣ ನೋಡಬೇಡಿ. ಗಾತ್ರ, ಕೊಕ್ಕು, ಬಾಲ, ಏನು ಮಾಡುತ್ತಿದೆ ಅನ್ನುವುದು ಮೊದಲು. ಮಾಗಿಯ ಶುರುವಿನಲ್ಲಿ ಬಣ್ಣ ನಂಬಿದರೆ ಮೋಸ ಹೋಗುವುದು ಖಂಡಿತ. ಕಾರಣ ಬಾತುಗಳಲ್ಲೇ ಇದೆ.

ಬಾತುಗಳು. ಉತ್ತರದಿಂದ ಬಂದ ಗಂಡು ಬಾತುಗಳಲ್ಲಿ ಹಲವು ನವೆಂಬರಿನಲ್ಲಿ ಇನ್ನೂ ಹೆಣ್ಣಿನ ಹಾಗೆ ಕಂದು ಬಣ್ಣದಲ್ಲೇ ಇರುತ್ತವೆ. ಪುಸ್ತಕದ ಚಿತ್ರದಲ್ಲಿರುವ ಹಸಿರು ತಲೆ, ಬಿಳಿ ಎದೆ ಹುಡುಕಿದರೆ ಸಿಗುವುದಿಲ್ಲ. ಕೊಕ್ಕು ನೋಡಿ. ಸೌಟಿನ ಹಾಗೆ ಮುಂದೆ ಅಗಲವಾಗಿದ್ದರೆ ಶೊವೆಲರ್. ಮುಖದ ಮೇಲೆ ಅಡ್ಡ ಗೆರೆಗಳು ಎದ್ದು ಕಂಡರೆ ಗಾರ್ಗನಿ. ಕತ್ತು ಉದ್ದ, ಬಾಲ ಚೂಪು ಇದ್ದರೆ ಪಿನ್‌ಟೇಲ್. ಕಪ್ಪು ಕೊಕ್ಕಿನ ತುದಿ ಹಳದಿ ಇದ್ದರೆ ಅದು ಚುಕ್ಕೆಕೊಕ್ಕಿನ ಬಾತು. ವರ್ಷವಿಡೀ ಇಲ್ಲೇ ಇರುವುದು, ವಲಸೆಯದ್ದಲ್ಲ.

ಸಿಪಿಲೆಗಳು. ಬಾಲ ಕುಣಿಸುತ್ತಾ ಓಡಾಡುವ ಹಕ್ಕಿ ಕಂಡ ತಕ್ಷಣ "ವಲಸೆ ಬಂತು" ಅನ್ನಬೇಡಿ. ಬೆನ್ನು ಕಪ್ಪು, ಕಣ್ಣಿನ ಮೇಲೆ ದಪ್ಪ ಬಿಳಿ ಹುಬ್ಬು ಇದ್ದರೆ ಅದು ನಮ್ಮೂರಿನದೇ ದೊಡ್ಡ ಸಿಪಿಲೆ. ಬೆನ್ನು ಬೂದು, ಬಾಲದ ಬುಡದ ಕೆಳಗೆ ಹಳದಿ, ಬಾಲ ಮೈಗಿಂತ ಉದ್ದ ಅನ್ನಿಸುವಷ್ಟಿದ್ದರೆ ಬೂದು ಸಿಪಿಲೆ. ಇದು ವಲಸೆಯ ಹಕ್ಕಿ. ಕೋಡಿಯ ಹರಿಯುವ ನೀರಿನ ಹತ್ತಿರ ಹುಡುಕಿ. ಬೆನ್ನು ಹಸಿರು ಮಿಶ್ರಿತ ಕಂದಾಗಿದ್ದು, ಕೆಸರಿನ ಹುಲ್ಲಿನಲ್ಲಿ ಓಡಾಡುತ್ತಿದ್ದರೆ ಹಳದಿ ಸಿಪಿಲೆ ಇರಬಹುದು.

ಉಲಿಯಕ್ಕಿಗಳು. ಎಲೆ, ಪೊದೆಗಳ ನಡುವೆ ಓಡಾಡುವ ಸಣ್ಣ ಹಕ್ಕಿಗಳು, ಇಂಗ್ಲಿಷಿನಲ್ಲಿ ವಾರ್ಬ್ಲರ್. ಇವನ್ನು ಕಣ್ಣಲ್ಲಿ ಹುಡುಕಿ ಸೋತವರೇ ಎಲ್ಲರೂ. ಕಿವಿಯಲ್ಲಿ ಹಿಡಿಯಿರಿ. ತಗ್ಗಿನ ಪೊದೆಯೊಳಗಿಂದ ಬಿಟ್ಟು ಬಿಟ್ಟು ಒಣ ದನಿಯಲ್ಲಿ "ಚೆಕ್... ಚೆಕ್" ಅನ್ನುವುದು ಬ್ಲೈತ್ಸ್ ರೀಡ್ ವಾರ್ಬ್ಲರ್. ಎತ್ತರದ ಮರದ ಎಲೆಗಳ ನಡುವೆ "ಚಿಸ್-ವೀ" ಅಂತ ಎರಡು ತುಂಡಾಗಿ ಕೇಳುವುದು ಗ್ರೀನಿಶ್ ವಾರ್ಬ್ಲರ್. ಮೈಸೂರು, ಬೆಂಗಳೂರಿನ ಮರಗಿಡಗಳಲ್ಲಿ ಈ ಎರಡೂ ಮಾಗಿಯಲ್ಲಿ ಸಾಮಾನ್ಯ. ಈ ಎರಡು ದನಿ ಕಲಿತವರಿಗೆ "ವಲಸೆ ಹಕ್ಕಿ ಕಾಣಲಿಲ್ಲ" ಅನ್ನುವ ದೂರು ಆ ದಿನಕ್ಕೇ ಮುಗಿಯುತ್ತದೆ.

ಕಂದು ಕಳಿಂಗ. ಕುರುಚಲಿನ ತುದಿಯಲ್ಲಿ ಒಂಟಿಯಾಗಿ ಕೂರುತ್ತದೆ, ಕಣ್ಣಿಗೆ ಕಪ್ಪು ಪಟ್ಟಿ. ಒರಟಾಗಿ ಕಿರಿಚುತ್ತದೆ. ಒಂದು ಕೊಂಬೆ ಹಿಡಿದರೆ ಚಳಿಗಾಲ ಪೂರ್ತಿ ಅದೇ ಆಸುಪಾಸಿನಲ್ಲಿ ಇರುವುದುಂಟು. ಹಾಗಾಗಿ ಅದು ಮೊದಲು ಕಂಡ ತಾರೀಕನ್ನು, ಕೊಂಬೆ ಸಮೇತ, ಬರೆದಿಡಿ.

ಹದ್ದಿನಂಥವು. ನೀರಿನ ಮೇಲೆ, ಜೊಂಡಿಗೆ ತಾಗುವಷ್ಟು ತಗ್ಗಿನಲ್ಲಿ, ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ತೇಲುತ್ತಾ ಹೋದರೆ ಜೌಗು ಸೆಳೆವ. ಹದ್ದು ಹಾಗೆ ಹಾರುವುದಿಲ್ಲ. ಅದರ ಬಾಲದ ತುದಿಯಲ್ಲಿ ಕವಲು ಇರುತ್ತದೆ. ನಾಮಗೋಳಿಗಳು ಇದ್ದಕ್ಕಿದ್ದಂತೆ ಒತ್ತೊತ್ತಾಗಿ ಗುಂಪು ಸೇರಿದರೆ ತಲೆ ಎತ್ತಿ ನೋಡಿ, ಮೇಲೆ ಯಾರೋ ಇದ್ದಾರೆ.

ಮರ್ಲಿನ್ ಆ್ಯಪ್‌ ದನಿ ಕೇಳಿ ಹೆಸರು ಹೇಳುತ್ತದೆ. ಉಪಯೋಗ ಇದೆ, ಆದರೆ ಅದು ಸುಳಿವು ಅಷ್ಟೇ. ಅದು ತೋರಿಸಿದ ಹೆಸರನ್ನು ನಿಮ್ಮ ಕಣ್ಣೋ ಕಿವಿಯೋ ಒಪ್ಪುವ ತನಕ ಪಟ್ಟಿಗೆ ಹಾಕಬೇಡಿ. ಗೊತ್ತಾಗದ ಹಕ್ಕಿಯನ್ನು "ಯಾವುದೋ ಉಲಿಯಕ್ಕಿ" ಅಂತ ಬರೆದರೆ ಅವಮಾನ ಏನಿಲ್ಲ.

## ಹಂತ 7: ಹವೆ ಬದಲಾದರೆ ಕ್ರಮವೂ ಬದಲಾಗಲಿ

ಮಂಜಿನ ಬೆಳಗು. ವಾಪಸ್ ಹೋಗಬೇಡಿ, ನೀರಿನ ಎಣಿಕೆಯನ್ನು ಕೊನೆಗೆ ಇಡಿ. ಮೊದಲ ಒಂದು ಗಂಟೆ ಮರ, ಪೊದೆಯ ನಿಲ್ದಾಣಗಳಲ್ಲಿ ಕಿವಿಗೆ ಕೆಲಸ ಕೊಡಿ. ಪಿಕಳಾರ, ಮಡಿವಾಳ, ಕುಟ್ರು ಹಕ್ಕಿ ಮಂಜಿನಲ್ಲೂ ದನಿ ಕೊಡುತ್ತವೆ. ಬಿಸಿಲೇರಿ ಎದುರು ದಡದ ಗುರುತಿನ ಮರ ಕಂಡ ಸಮಯ ಬರೆದುಕೊಂಡು ಆಮೇಲೆ ಬಾತು ಎಣಿಸಿ. ಬೈನಾಕ್ಯುಲರಿನ ಗಾಜು ಮಸುಕಾದರೆ ಬಾಯಿಂದ ಊದಬೇಡಿ, ಇನ್ನೂ ಕೆಡುತ್ತದೆ.

ತುಂತುರು, ಪೂರ್ತಿ ಮೋಡ. ಕವಲುತೋಕೆಗಳನ್ನು ನೋಡಿ. ಹುಳಗಳು ಕೆಳಗಿಳಿದರೆ ಅವೂ ನೀರಿಗೆ ತಾಗುವಂತೆ ಹಾರುತ್ತವೆ. ಹದ್ದು, ಗರುಡ ರೆಕ್ಕೆ ಮುದುಡಿ ಮರದಲ್ಲೇ ಕೂತಿರುತ್ತವೆ, ಗುರುತಿಸಲು ಸುಲಭ. ಮೋಡದ ದಿನಗಳಲ್ಲಿ ಸಣ್ಣ ಹಕ್ಕಿಗಳ ಓಡಾಟ ಬೆಳಗ್ಗೆ ಹತ್ತರ ತನಕವೂ ನಡೆಯುವುದುಂಟು. ಬೇಗ ಹೊರಟುಬಿಡಬೇಡಿ. ಮಳೆ ಜೋರಾದರೆ ಪಟ್ಟಿ ಅಲ್ಲಿಗೇ ಮುಗಿಸಿ, ಮುಗಿಸಿದ ಸಮಯ ಹಾಕಿ.

ತಿಳಿ ಆಕಾಶ, ಗಾಳಿ ಇಲ್ಲ. ಸಣ್ಣ ಹಕ್ಕಿಗೆ ಒಳ್ಳೆಯ ದಿನ, ಆದರೆ ಸಮಯ ಕಡಿಮೆ. ಮರದ ತುದಿಗೆ ಮೊದಲ ಬಿಸಿಲು ಬಿದ್ದಾಗ ಅಲ್ಲಿಗೇ ಬಂದು ಮೈ ಕಾಯಿಸುವ ಹಕ್ಕಿಗಳಿವೆ. ಪೂರ್ವಕ್ಕೆ ಮುಖವಿರುವ ಮರದ ತುದಿ ನೋಡಿ, ಕಳ್ಳಿಪೀರ, ಕಾಜಾಣ ಅಲ್ಲಿರುತ್ತವೆ.

ಇದೇ ದಿನ ಇನ್ನೊಂದು ಅಂಕಿ ಬರೆಯಿರಿ. ಮೊದಲ ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರಿದ್ದು ಎಷ್ಟು ಗಂಟೆಗೆ? ನೆಲ ಕಾದು ಬಿಸಿಗಾಳಿ ಮೇಲೇಳಲು ಶುರುವಾದ ಸಮಯ ಅದು. ಮಂಜಿನ ದಿನ ತಡ, ತಿಳಿ ದಿನ ಬೇಗ, ಮೋಡದ ದಿನ ಕೆಲವೊಮ್ಮೆ ಇಲ್ಲವೇ ಇಲ್ಲ. ನಾಲ್ಕೈದು ವಾರದ ಅಂಕಿ ಸಾಲಾಗಿ ಇಟ್ಟು ನೋಡಿ, ಉಷ್ಣಾಂಶದ ಸಾಲಿನ ಜೊತೆ ಹೇಗೆ ಹೊಂದುತ್ತದೆ ಅಂತ ನಿಮಗೇ ಕಾಣುತ್ತದೆ. ಈ ಇಡೀ ಕ್ರಮದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

## ಎಚ್ಚರಿಕೆಯ ಗುರುತುಗಳು

ಹಕ್ಕಿಗೆ ನೀವು ಹತ್ತಿರವಾದಿರಿ ಅನ್ನುವುದನ್ನು ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ ಬಾತುಗಳೆಲ್ಲ ತಲೆ ಎತ್ತಿ ಒಂದೇ ಕಡೆ ಈಜಲು ಶುರು ಮಾಡಿದರೆ ಎರಡು ಹೆಜ್ಜೆ ಹಿಂದೆ ಬನ್ನಿ. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕೂಗುತ್ತಿದ್ದರೆ ಅಲ್ಲಿ ನಿಲ್ಲಲೇಬೇಡಿ. ನಡುಗಡ್ಡೆಯ ಮರದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಕಡ್ಡಿ ಒಯ್ಯುತ್ತಿದ್ದರೆ ಗೂಡಿನ ಕೆಲಸ ಶುರುವಾಗಿದೆ. ಆ ಕಡೆ ಗಲಾಟೆ, ಡ್ರೋನ್ ಯಾವುದೂ ಬೇಡ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದೂ ಬೇಡ.

ನಿಮಗೆ ಎಚ್ಚರಿಕೆ ಎರಡು. ಚಳಿಯ ಬೆಳಗ್ಗೆ ಹಾವುಗಳು ಬಿಸಿಲು ಕಾಯಲು ದಾರಿಗೆ, ಏರಿಯ ಕಲ್ಲಿಗೆ ಬರುತ್ತವೆ. ಕೊಳಕುಮಂಡಲ ಒಣ ಎಲೆಯ ಮೇಲೆ ಕಾಣುವುದೇ ಇಲ್ಲ. ಬೈನಾಕ್ಯುಲರ್ ಕಣ್ಣಿಗಿಟ್ಟುಕೊಂಡು ಒಂದು ಹೆಜ್ಜೆಯೂ ಇಡಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು ಮಾಡದೆ 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ.

ಎರಡನೆಯದು ಹೆಜ್ಜೇನು. ದೊಡ್ಡ ಮರದ ಕೊಂಬೆಗೆ ನೇತಾಡುವ ಗೂಡಿನ ಮೇಲೆ ಅಲೆ ಅಲೆಯಾಗಿ ಚಲನೆ ಹಾದುಹೋಗುತ್ತಿದ್ದರೆ ಹುಳುಗಳು ಬೆದರಿವೆ. ಜೇನುಗಿಡುಗ ಅಲ್ಲೇ ಸುತ್ತುತ್ತಿದ್ದರೆ ಇನ್ನೂ ಅಪಾಯ. ಆ ನಿಲ್ದಾಣ ಬಿಟ್ಟು ಮುಂದೆ ಹೋಗಿ. ಸೆಂಟು ಹಾಕಿಕೊಂಡು ಬರಬೇಡಿ.

## ಹಂತ 8: ಅಲ್ಲೇ ಬರೆಯಿರಿ, ಅದೇ ದಿನ ಹಾಕಿ

ಒಂದು ನಿಲ್ದಾಣದ ಟಿಪ್ಪಣಿ ಹೀಗಿದ್ದರೆ ಸಾಕು. ಇದು ಮಾದರಿ ಮಾತ್ರ:

"ನಿಲ್ದಾಣ 3, ಜೊಂಡು. 7:10–7:20. 17 ಡಿಗ್ರಿ, ಮೋಡ 2, ಗಾಳಿ 1 ಈಶಾನ್ಯ, ನೀರಿನ ಮೇಲೆ ಹಬೆ, ಬೆಟ್ಟ ಮಸುಕು. ನೀರು 4ನೇ ಮೆಟ್ಟಿಲು. ನೀಲಿ ನಾಮಗೋಳಿ 6, ಕೊಳಬಕ 2, ಬ್ಲೈತ್ಸ್ ದನಿ 1. ಗುಳುಮುಳುಕ ಹಬೆಯಿಂದಾಗಿ ಎಣಿಸಲಾಗಲಿಲ್ಲ. ಬೂದು ಸಿಪಿಲೆ 0."

ಕೊನೆಯ ಎರಡು ವಾಕ್ಯ ನೋಡಿ. "ಎಣಿಸಲಾಗಲಿಲ್ಲ" ಬೇರೆ, "ಇರಲಿಲ್ಲ" ಬೇರೆ. ಹುಡುಕಿದರೂ ಸಿಗದ ಹಕ್ಕಿಗೆ ಸೊನ್ನೆ ಹಾಕಿ. ಹವೆ ಅಡ್ಡ ಬಂದು ನೋಡಲು ಆಗದ ಹಕ್ಕಿಗೆ ಸೊನ್ನೆ ಹಾಕಬೇಡಿ.

ಹಕ್ಕಿಪಟ್ಟಿಗಳನ್ನು ದಾಖಲಿಸುವ ಆ್ಯಪ್, ಜಾಲತಾಣವಾದ ಇ-ಬರ್ಡ್‌ಗೆ ಹಾಕುವವರಿಗೆ ಕೆಲವು ಮಾತು. ದಿನದ ಪೂರ್ತಿ ನಡಿಗೆಯನ್ನು ಒಂದೇ ಪಟ್ಟಿ ಮಾಡದೆ ಚಿಕ್ಕ ಪಟ್ಟಿಗಳಾಗಿ ಮಾಡಿ. ಒಂದೊಂದು ಪಟ್ಟಿಯೂ ಒಂದು ಗಂಟೆ ಮೀರದಿರಲಿ. ಕೆರೆಗೆ ಹಾಟ್‌ಸ್ಪಾಟ್ (ಎಲ್ಲರೂ ಪಟ್ಟಿ ಹಾಕಲು ಗುರುತಿಸಿಟ್ಟ ಜಾಗ) ಮೊದಲೇ ಇದ್ದರೆ ಅದನ್ನೇ ಆರಿಸಿ, ಮನೆಯಲ್ಲಿ ಕೂತು ಹಾಕುವಾಗ ಮನೆಯ ಜಾಗ ಬಿದ್ದಿರುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಎಕ್ಸ್ ಹಾಕಬಹುದು, ಆದರೆ ಅಂದಾಜು ಸಂಖ್ಯೆ ಅದಕ್ಕಿಂತ ಉತ್ತಮ.

ಕಳಿಸುವ ಮೊದಲು, ಇದು ನೀವು ಗುರುತಿಸಿದ ಎಲ್ಲ ಹಕ್ಕಿಗಳ ಪಟ್ಟಿಯೇ ಎಂದು ಆ್ಯಪ್ ಕೇಳುತ್ತದೆ. ಅಲ್ಲಿದ್ದ ಪ್ರತಿ ಹಕ್ಕಿಯನ್ನೂ ಗುರುತಿಸಿರಬೇಕು ಅಂದುಕೊಂಡು ಬಹಳ ಜನ "ಇಲ್ಲ" ಒತ್ತುತ್ತಾರೆ. ಕೇಳುತ್ತಿರುವುದು ಅದಲ್ಲ. ಗುರುತಿಸಿದ್ದರಲ್ಲಿ ಯಾವುದನ್ನೂ ಬೇಕೆಂದೇ ಬಿಟ್ಟಿಲ್ಲ ಅಂದರೆ "ಹೌದು". ಕಾಗೆ, ಪಾರಿವಾಳ ಬೇಡ ಅಂತ ಬಿಟ್ಟಿದ್ದರೆ ಮಾತ್ರ "ಇಲ್ಲ".

ಹವೆಗೆ ಅಲ್ಲಿ ಬೇರೆ ಖಾನೆ ಇಲ್ಲ. ಟಿಪ್ಪಣಿಯ ಜಾಗದಲ್ಲಿ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಬರೆಯಿರಿ: ಉಷ್ಣಾಂಶ, ಮೋಡ, ಗಾಳಿ, ನೋಟ, ನೀರು. ಕ್ರಮ ಒಂದೇ ಇದ್ದರೆ ಡಿಸೆಂಬರ್ ಕೊನೆಗೆ ಎಲ್ಲ ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು ಹೋಲಿಸಲು ಅರ್ಧ ಗಂಟೆ ಸಾಕು.